ಟ್ರೋಲ್ ದಾಳಿ: ಪತ್ರಕರ್ತರು ಮೊದಲೇ ಮಾಡಿಕೊಳ್ಳಬೇಕಾದ ತಯಾರಿ, ದಾಳಿಯ ದಿನ ಮಾಡಬೇಕಾದ ಕೆಲಸ

ಆನ್‌ಲೈನ್ ಕಿರುಕುಳದ ವಿರುದ್ಧ ಪತ್ರಕರ್ತರು ಮಾಡಬೇಕಾದ ಕೆಲಸದಲ್ಲಿ ಮುಕ್ಕಾಲು ಪಾಲು ವರದಿ ಪ್ರಕಟವಾಗುವ ಮೊದಲೇ ಮುಗಿದಿರಬೇಕು. ಬೈಗುಳ, ಬೆದರಿಕೆ ಒಂದೇ ಸಮನೆ ಬರಲು ಶುರುವಾದ ಮೇಲೆ ತಲೆ ಓಡುವುದಿಲ್ಲ. ಪಾಸ್‌ವರ್ಡ್ ಬದಲಿಸುವಂಥ ಸಣ್ಣ ಕೆಲಸಕ್ಕೂ ಕೈ ಏಳುವುದಿಲ್ಲ. ಹಾಗಾಗಿ ಇಲ್ಲಿ ತಯಾರಿಯ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ನೀವು ಈಗಾಗಲೇ ದಾಳಿಗೆ ಸಿಕ್ಕಿಕೊಂಡಿದ್ದರೆ ಅದನ್ನೆಲ್ಲ ಬಿಟ್ಟು ನೇರವಾಗಿ ‘ದಾಳಿ ಶುರುವಾದ ದಿನ’ ಎಂಬ ಭಾಗಕ್ಕೆ ಹೋಗಿ.

“ಇದೆಲ್ಲ ಇದ್ದದ್ದೇ, ತಲೆ ಕೆಡಿಸ್ಕೊಬೇಡಿ” ಎಂಬ ಮಾತು ಸುದ್ದಿಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಹೇಳುವವರಿಗೆ ಒಳ್ಳೆಯ ಮನಸ್ಸೇ ಇರಬಹುದು. ಆದರೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಯುನೆಸ್ಕೊ ಮತ್ತು ಇಂಟರ್‌ನ್ಯಾಷನಲ್ ಸೆಂಟರ್ ಫಾರ್ ಜರ್ನಲಿಸ್ಟ್ಸ್ ಸೇರಿ 2020ರಲ್ಲಿ ನಡೆಸಿದ ಜಾಗತಿಕ ಸಮೀಕ್ಷೆಗೆ ಉತ್ತರಿಸಿದ ಪತ್ರಕರ್ತೆಯರಲ್ಲಿ ಶೇ 73ರಷ್ಟು ಮಂದಿ ಆನ್‌ಲೈನ್ ಹಿಂಸೆ ಅನುಭವಿಸಿದ್ದೇವೆ ಎಂದಿದ್ದರು. ಶೇ 20ರಷ್ಟು ಮಂದಿ, ಅದು ಆನ್‌ಲೈನ್‌ನಲ್ಲಿ ನಿಲ್ಲದೆ ಹೊರಗಿನ ಹಲ್ಲೆ, ನಿಂದನೆಗೂ ತಿರುಗಿತು ಎಂದಿದ್ದರು. ಅಂದರೆ ಇದು ಕೆಲಸದ ಜಾಗದ ಸುರಕ್ಷತೆಯ ಪ್ರಶ್ನೆ. ಎಷ್ಟು ತಡೆದುಕೊಳ್ಳುತ್ತೀರಿ ಎಂಬ ಪರೀಕ್ಷೆ ಅಲ್ಲ.

ಎಲ್ಲರ ಮೇಲೂ ಒಂದೇ ಥರ ದಾಳಿ ಆಗುವುದಿಲ್ಲ ಎಂಬುದನ್ನೂ ನೆನಪಿಡಿ. ‘ದಿ ಗಾರ್ಡಿಯನ್’ ಪತ್ರಿಕೆ 2016ರಲ್ಲಿ ತನ್ನ ಜಾಲತಾಣಕ್ಕೆ ಬಂದಿದ್ದ 7 ಕೋಟಿ ಕಾಮೆಂಟ್‌ಗಳನ್ನು ಪರಿಶೀಲಿಸಿತು. ಅತಿ ಹೆಚ್ಚು ನಿಂದನೆಗೆ ಗುರಿಯಾದ 10 ಬರಹಗಾರರಲ್ಲಿ 8 ಮಂದಿ ಮಹಿಳೆಯರು. ಉಳಿದ ಇಬ್ಬರು ಕಪ್ಪು ವರ್ಣದ ಪುರುಷರು. ಜೊತೆಗೆ ಕೂತವರಿಗೆ ಏನೂ ಬರಲಿಲ್ಲ, ನನಗೆ ಮಾತ್ರ ಯಾಕೆ ಎಂದು ನಿಮ್ಮ ಬರವಣಿಗೆಯಲ್ಲೇ ತಪ್ಪು ಹುಡುಕಲು ಹೋಗಬೇಡಿ.

ವರದಿ ಬರುವ ಮೊದಲು: ಏನು ಬರಬಹುದು ಎಂದು ಊಹಿಸಿ

ಸಂಪಾದಕರ ಜೊತೆ ಅರ್ಧ ಗಂಟೆ ಕೂತು ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದಿಡಿ. ಈ ವರದಿಯಿಂದ ಯಾರಿಗೆ ಸಿಟ್ಟು ಬರುತ್ತದೆ? ಅವರ ಹಿಂದೆ ಸಂಘಟಿತ ಬೆಂಬಲಿಗರ ಪಡೆ ಇದೆಯಾ? ಅವರು ಹಿಂದೆ ಬೇರೆ ಪತ್ರಕರ್ತರಿಗೆ ಏನು ಮಾಡಿದ್ದರು? ನನ್ನ ಬದುಕಿನಲ್ಲಿ ಅವರು ಕೈ ಹಾಕಬಹುದಾದ್ದು ಏನು: ಹಳೆಯ ಪೋಸ್ಟೇ, ಧರ್ಮವೇ, ಮನೆಯವರೇ, ಹಳೆಯ ಸಂಬಂಧವೇ?

ಕೊನೆಯ ಪ್ರಶ್ನೆ ಕಷ್ಟದ್ದು. ಆದರೂ ಪ್ರಾಮಾಣಿಕವಾಗಿ ಉತ್ತರಿಸಿ. ಫಿಲಿಪ್ಪೀನ್ಸ್‌ನ ಮರಿಯಾ ರೆಸ್ಸಾ 2021ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಪತ್ರಕರ್ತೆ. ಅವರ ಮೇಲಿನ ಲಕ್ಷಾಂತರ ಪೋಸ್ಟ್‌ಗಳನ್ನು ಸಂಶೋಧಕರು ವಿಶ್ಲೇಷಿಸಿದಾಗ, ನಿಂದನೆಯ ಸುಮಾರು ಶೇ 60ರಷ್ಟು ಅವರ ವೃತ್ತಿಯ ಮೇಲಿನ ನಂಬಿಕೆ ಕೆಡಿಸಲು ಹೊರಟದ್ದು ಎಂದು ಗೊತ್ತಾಯಿತು. ಉಳಿದದ್ದು ರೂಪ, ಬಣ್ಣ, ಹೆಣ್ತನದ ಮೇಲೆ. ಎರಡೂ ಬರುತ್ತವೆ ಎಂದುಕೊಂಡೇ ತಯಾರಾಗಿ. ಮೊದಲನೆಯದಕ್ಕೆ ಮದ್ದು ನಿಮ್ಮ ದಾಖಲೆಗಳು. ಟಿಪ್ಪಣಿ, ಧ್ವನಿಮುದ್ರಣ, ಪ್ರತಿಕ್ರಿಯೆ ಕೇಳಿ ಕಳಿಸಿದ ಮೇಲ್ ಎಲ್ಲವೂ ಒಂದು ಫೋಲ್ಡರಿನಲ್ಲಿ ಜೋಡಿಸಿಟ್ಟಿರಲಿ. ಸುಳ್ಳುಸುದ್ದಿ ಎಂದು ಕೂಗು ಎದ್ದಾಗ ಸಂಪಾದಕರು ಹುಡುಕಾಡುತ್ತಾ ಕೂರಬಾರದು.

ನಿಮ್ಮನ್ನು ನೀವೇ ಹುಡುಕಿ

ಬ್ರೌಸರಿನಲ್ಲಿ ಇನ್‌ಕಾಗ್ನಿಟೊ (ಖಾಸಗಿ) ಕಿಟಕಿ ತೆರೆಯಿರಿ. ನಿಮ್ಮ ಮೇಲೆ ಹಗೆ ಇರುವವರು ಹೇಗೆ ಹುಡುಕುತ್ತಾರೋ ಹಾಗೆಯೇ ಹುಡುಕಿ. ಹೆಸರನ್ನು ಬರೆಯುವ ಎಲ್ಲ ರೀತಿಗಳಲ್ಲಿ, ಎಲ್ಲ ಲಿಪಿಗಳಲ್ಲಿ ಹಾಕಿ ನೋಡಿ. ಫೋನ್ ನಂಬರ್, ಮೇಲ್ ವಿಳಾಸಗಳನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ ಹುಡುಕಿ. ಪ್ರೊಫೈಲ್ ಫೋಟೊವನ್ನು ಚಿತ್ರಶೋಧಕ್ಕೆ ಕೊಟ್ಟು, ಅದೇ ಫೋಟೊ ಇನ್ನೆಲ್ಲಿ ಇದೆ ನೋಡಿ. ಎಂದೋ ಕೆಲಸ ಹುಡುಕುವಾಗ ಹಾಕಿದ್ದ ಬಯೊಡೇಟಾ ಬಹಳ ಸಲ ಸಿಗುತ್ತದೆ. ಅದರಲ್ಲಿ ಮನೆ ವಿಳಾಸ, ಹುಟ್ಟಿದ ದಿನ, ತಂದೆಯ ಹೆಸರು ಎಲ್ಲ ಒಂದೇ ಪುಟದಲ್ಲಿ ಇರುತ್ತದೆ. ಸ್ವಂತ ಜಾಲತಾಣ ಇದ್ದರೆ ಡೊಮೇನ್ ನೋಂದಣಿಯಲ್ಲಿ ನಿಮ್ಮ ವಿಳಾಸ ಎಲ್ಲರಿಗೂ ಕಾಣುತ್ತಿದೆಯಾ ಎಂದೂ ನೋಡಿ. ಅದನ್ನು ಮರೆಮಾಡುವ ಸೌಲಭ್ಯ ಹೆಚ್ಚಿನ ಕಂಪನಿಗಳಲ್ಲಿ ಇದೆ.

ಸಿಕ್ಕಿದ್ದನ್ನು ಪಟ್ಟಿ ಮಾಡಿ. ನೀವೇ ತೆಗೆಯಬಹುದಾದ್ದನ್ನು ಇವತ್ತೇ ತೆಗೆಯಿರಿ. ಬೇರೆಯವರ ತಾಣದಲ್ಲಿದ್ದರೆ ಅವರಿಗೆ ಬರೆಯಿರಿ. ಫೋನ್ ನಂಬರ್, ಮನೆ ವಿಳಾಸ ಗೂಗಲ್ ಶೋಧದಲ್ಲಿ ಬರುತ್ತಿದ್ದರೆ, ಫಲಿತಾಂಶದಿಂದ ತೆಗೆಯಿರಿ ಎಂದು ಗೂಗಲ್‌ಗೇ ಕೋರಿಕೆ ಸಲ್ಲಿಸಬಹುದು. ಸ್ಟ್ರೀಟ್ ವ್ಯೂನಲ್ಲಿ ಮನೆಯ ಚಿತ್ರ ಇದ್ದರೆ ಮಸುಕು ಮಾಡಿಸಬಹುದು. ಒಮ್ಮೆ ಮಸುಕು ಮಾಡಿದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ, ಅಷ್ಟು ಗೊತ್ತಿರಲಿ.

ಹಳೆಯ ಪೋಸ್ಟ್‌ಗಳ ವಿಷಯದಲ್ಲಿ ಒಂದು ಮಾತು. ಅಳಿಸುವ ಮೊದಲು ಖಾತೆಯ ಪೂರ್ತಿ ಪ್ರತಿಯನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನಾಳೆ ಯಾರಾದರೂ ನೀವು ಬರೆಯದ ಸಾಲನ್ನು ನಿಮ್ಮ ಹೆಸರಿನಲ್ಲಿ ತೋರಿಸಿದರೆ, ನಾನು ಹೀಗೆ ಬರೆದಿರಲಿಲ್ಲ ಎನ್ನಲು ನಿಮ್ಮ ಬಳಿ ಅದೊಂದೇ ಆಧಾರ ಇರಬಹುದು.

ಫೋಟೊಗಳ ಒಳಗೆ ಅಡಗಿರುವ ಮಾಹಿತಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2012ರ ಡಿಸೆಂಬರ್‌ನಲ್ಲಿ ತಲೆಮರೆಸಿಕೊಂಡಿದ್ದ, ಆ್ಯಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮೆಕಾಫಿ ಅವರ ಜೊತೆಗಿನ ಫೋಟೊವನ್ನು ‘ವೈಸ್’ ಪತ್ರಿಕೆ ಪ್ರಕಟಿಸಿತು. ಫೋನಿನಲ್ಲಿ ತೆಗೆದ ಆ ಫೋಟೊದಲ್ಲಿ ಜಿಪಿಎಸ್ ಅಂಕಿಗಳು ಹಾಗೆಯೇ ಉಳಿದಿದ್ದವು. ಅವರು ಗ್ವಾಟೆಮಾಲಾದಲ್ಲಿ ಇದ್ದಾರೆ ಎಂಬುದು ಜಗತ್ತಿಗೇ ಗೊತ್ತಾಯಿತು. ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಅನುಮತಿ ತೆಗೆದುಬಿಡಿ. ಓಟ, ಸೈಕಲ್ ಸವಾರಿಯ ದಾರಿ ದಾಖಲಿಸುವ ಆ್ಯಪ್‌ಗಳನ್ನೂ ಖಾಸಗಿ ಮಾಡಿ. 2018ರಲ್ಲಿ ಸ್ಟ್ರಾವಾ ಆ್ಯಪ್‌ನ ನಕ್ಷೆಯಿಂದ ಸೇನಾ ನೆಲೆಗಳೇ ಬಯಲಾಗಿದ್ದವು. ಅಂಥದ್ದರಲ್ಲಿ ನೀವು ದಿನಾ ಬೆಳಗ್ಗೆ ಓಡುವ ದಾರಿ ಬಯಲಾಗುವುದು ಕಷ್ಟವಲ್ಲ.

ಇನ್ನು ಮನೆಯವರು. ನಿಮ್ಮ ಖಾತೆಗೆ ಎಷ್ಟೇ ಬೀಗ ಹಾಕಿದರೂ, ತಮ್ಮನ ಖಾತೆಯಲ್ಲಿ ಗೃಹಪ್ರವೇಶದ ಫೋಟೊ, ಅದರ ಕೆಳಗೆ ನಿಮ್ಮ ಟ್ಯಾಗ್ ಇದ್ದರೆ ಅಲ್ಲಿಂದಲೇ ಹುಡುಕುತ್ತಾರೆ. ಸ್ನೇಹಿತರ ಪಟ್ಟಿ ಮುಚ್ಚಿಡಲು, ಮಕ್ಕಳ ಶಾಲೆಯ ಸಮವಸ್ತ್ರ ಕಾಣುವ ಫೋಟೊ ತೆಗೆಯಲು ಅವರನ್ನು ಕೇಳಿಕೊಳ್ಳಿ. ಯಾಕೆ ಎಂದು ಬಿಡಿಸಿ ಹೇಳಿ. ಗುರುತಿಲ್ಲದವರು ಕರೆ ಮಾಡಿ “ಅವರ ಆಫೀಸಿನಿಂದ ಮಾತಾಡ್ತಿದೀವಿ” ಎಂದರೆ ಏನನ್ನೂ ಹೇಳದೆ ನಿಮಗೆ ತಿಳಿಸಬೇಕು ಎಂಬುದನ್ನೂ ಹೇಳಿಡಿ.

ಬೀಗಗಳನ್ನು ಭದ್ರ ಮಾಡಿ, ಮೇಲ್‌ನಿಂದ ಶುರು ಮಾಡಿ

‘ವೈರ್ಡ್’ ಪತ್ರಿಕೆಯ ಮ್ಯಾಟ್ ಹೊನನ್ ಅವರಿಗೆ 2012ರ ಆಗಸ್ಟ್‌ನಲ್ಲಿ ಆದದ್ದನ್ನು ಪ್ರತಿ ಪತ್ರಕರ್ತರೂ ತಿಳಿದಿರಬೇಕು. ಅಮೆಜಾನ್ ಖಾತೆಯಲ್ಲಿ ಕಂಡ ಕಾರ್ಡಿನ ಕೊನೆಯ ನಾಲ್ಕು ಅಂಕಿ ಹಿಡಿದು ದಾಳಿಕೋರರು ಆ್ಯಪಲ್ ಖಾತೆಗೆ ನುಗ್ಗಿದರು. ಅಲ್ಲಿಂದ ಗೂಗಲ್‌ಗೆ, ಟ್ವಿಟರ್‌ಗೆ ಹೋದರು. ಫೋನ್, ಐಪ್ಯಾಡ್, ಲ್ಯಾಪ್‌ಟಾಪ್ ಮೂರನ್ನೂ ದೂರದಿಂದಲೇ ಅಳಿಸಿಹಾಕಿದರು. ಹೊನನ್ ಬಳಿ ಬ್ಯಾಕಪ್ ಇರಲಿಲ್ಲ. ದಾಳಿಕೋರರಿಗೆ ಬೇಕಿದ್ದದ್ದು ಅವರ ಮೂರಕ್ಷರದ ಟ್ವಿಟರ್ ಹೆಸರು, ಅಷ್ಟೇ. ಒಂದು ಖಾತೆ ಕೈತಪ್ಪಿದರೆ ಅದಕ್ಕೆ ಅಂಟಿಕೊಂಡ ಎಲ್ಲವೂ ಹೋಗುತ್ತವೆ.

ಎಲ್ಲ ಖಾತೆಗಳ ಪಾಸ್‌ವರ್ಡ್ ಬದಲಿಸುವ ಕೋಡ್ ಬರುವುದು ನಿಮ್ಮ ಮೇಲ್‌ಗೆ. ಹಾಗಾಗಿ ಮೊದಲ ಬೀಗ ಅಲ್ಲಿಗೇ ಹಾಕಿ. ಪಾಸ್‌ವರ್ಡ್‌ಗಳನ್ನು ನೆನಪಿಡುವ ಆ್ಯಪ್ (ಪಾಸ್‌ವರ್ಡ್ ಮ್ಯಾನೇಜರ್) ಒಂದನ್ನು ಆರಿಸಿಕೊಂಡು, ಪ್ರತಿ ಖಾತೆಗೂ ಬೇರೆ ಬೇರೆ, ಉದ್ದದ ಪಾಸ್‌ವರ್ಡ್ ಇಡಿ. ಎರಡು ಹಂತದ ದೃಢೀಕರಣ ಹಾಕಿ, ಪಾಸ್‌ವರ್ಡ್ ಜೊತೆ ಇನ್ನೊಂದು ಗುರುತನ್ನೂ ಅದು ಕೇಳುತ್ತದೆ. ಆದರೆ ಎಸ್‌ಎಂಎಸ್‌ನಲ್ಲಿ ಬರುವ ಕೋಡ್ ಅನ್ನು ಮಾತ್ರ ನಂಬಿ ಕೂರಬೇಡಿ. 2019ರ ಆಗಸ್ಟ್‌ನಲ್ಲಿ ಟ್ವಿಟರ್ ಮುಖ್ಯಸ್ಥರಾಗಿದ್ದ ಜಾಕ್ ಡಾರ್ಸಿ ಅವರ ಫೋನ್ ನಂಬರನ್ನೇ ದಾಳಿಕೋರರು ಹಿಡಿತಕ್ಕೆ ತೆಗೆದುಕೊಂಡು, ಅವರ ಖಾತೆಯಿಂದ ಜನಾಂಗೀಯ ನಿಂದನೆಯ ಪೋಸ್ಟ್ ಹಾಕಿದ್ದರು. ಕೋಡ್ ಕೊಡುವ ಆ್ಯಪ್ ಅಥವಾ ಪಾಸ್‌ಕೀ (ಪಾಸ್‌ವರ್ಡ್ ಬದಲು ಫೋನಿನ ಬೆರಳಚ್ಚು, ಪಿನ್‌ನಿಂದ ಒಳಹೋಗುವ ವ್ಯವಸ್ಥೆ) ಇದಕ್ಕಿಂತ ಮೇಲು. ಲಾಗಿನ್ ಆಗುವಾಗ ಚುಚ್ಚುವ ಯುಎಸ್‌ಬಿ ಸೆಕ್ಯುರಿಟಿ ಕೀ ಕೊಂಡರೆ ಎರಡು ಕೊಳ್ಳಿ, ಒಂದು ಕಳೆದರೆ ಇನ್ನೊಂದು ಇರುತ್ತದೆ. ಫೋನ್ ಕಳೆದಾಗ ಬಳಸುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಮನೆಯಲ್ಲಿ ಜೋಪಾನವಾಗಿಡಿ. ಖಾತೆ ಮರಳಿ ಪಡೆಯಲು ಕೊಟ್ಟಿರುವ ಹಳೆಯ ನಂಬರ್, ಹಳೆಯ ಮೇಲ್ ಈಗಲೂ ನಿಮ್ಮದೇನಾ ಎಂದು ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ.

ವಾಟ್ಸ್‌ಆ್ಯಪ್‌ನಲ್ಲಿ ಎರಡು ಹಂತದ ಪಿನ್ ಹಾಕುವುದು ಎರಡೇ ನಿಮಿಷದ ಕೆಲಸ. ಸಿಗ್ನಲ್ ಎಂಬ ಸಂದೇಶದ ಆ್ಯಪ್‌ನಲ್ಲಿ 2024ರಿಂದ ಯೂಸರ್‌ನೇಮ್ ಸೌಲಭ್ಯ ಇದೆ. ನಂಬರ್ ಕೊಡದೆಯೇ ಮೂಲಗಳ (ಸುದ್ದಿ ಕೊಡುವವರ) ಜೊತೆ ಮಾತಾಡಬಹುದು. ಸಾಧ್ಯವಾದರೆ ಸಾರ್ವಜನಿಕರಿಗೆ ಕೊಡುವ ನಂಬರನ್ನೂ ಬ್ಯಾಂಕ್, ಮನೆಯವರ ನಂಬರನ್ನೂ ಬೇರೆ ಮಾಡಿ. ಹೆಚ್ಚು ಅಪಾಯದ ವರದಿ ಮಾಡುವವರಿಗೆ ಗೂಗಲ್‌ನ ಅಡ್ವಾನ್ಸ್‌ಡ್ ಪ್ರೊಟೆಕ್ಷನ್ ಯೋಜನೆ, ಐಫೋನಿನ ಲಾಕ್‌ಡೌನ್ ಮೋಡ್ ಇವೆ. ಮೊದಲನೆಯದು ಖಾತೆಗೆ, ಎರಡನೆಯದು ಫೋನಿಗೆ ಇನ್ನೂ ಬಿಗಿ ಕಾವಲು ಹಾಕುತ್ತದೆ. ಎರಡೂ ಉಚಿತ.

ಒಬ್ಬ ಜೊತೆಗಾರರನ್ನು ಗೊತ್ತು ಮಾಡಿ

ಇಡೀ ತಯಾರಿಯಲ್ಲಿ ಒಂದೇ ಕೆಲಸ ಮಾಡಲು ಸಮಯ ಇದೆ ಎಂದರೆ ಇದನ್ನು ಮಾಡಿ. ನಿಮಗೆ ಬರುವ ಬೈಗುಳವನ್ನು ನಿಮ್ಮ ಬದಲು ಓದುವ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಯಾಕೆ ಎಂದರೆ, ಓದದೆ ಇರಲು ಆಗುವುದಿಲ್ಲ. ಸಾವಿರ ಬೈಗುಳದ ನಡುವೆ ಒಂದು ನಿಜವಾದ ಬೆದರಿಕೆ ಇರಬಹುದು. ಯಾವುದೋ ಮೂಲದಿಂದ ಬಂದ ಮುಖ್ಯ ಸಂದೇಶವೂ ಇರಬಹುದು. ಆದರೆ ನೀವೇ ಕೂತು ಓದಿದರೆ ಒಂದೊಂದು ಸಾಲೂ ಮನಸ್ಸಿಗೆ ನಾಟುತ್ತದೆ. ಅದೇ ಸಾಲುಗಳನ್ನು ಬೇರೊಬ್ಬರು ಓದಿದರೆ ಅಷ್ಟು ತಾಗುವುದಿಲ್ಲ. ಯಾವುದು ಅಪಾಯದ್ದು ಎಂದು ತಣ್ಣಗೆ ವಿಂಗಡಿಸಲು ಅವರಿಗೆ ಆಗುತ್ತದೆ.

ಆರಿಸುವಾಗ ಪ್ರೀತಿಯೊಂದೇ ಸಾಲದು. ಗಂಡ, ಹೆಂಡತಿ, ಅಮ್ಮ ಈ ಕೆಲಸಕ್ಕೆ ಬೇಡ ಎಂಬುದು ನನ್ನ ಅಭಿಪ್ರಾಯ. ಅವರಿಗೂ ನಿಮ್ಮಷ್ಟೇ ನೋವಾಗುತ್ತದೆ. ಕೆಲಸದ ಒತ್ತಡ ಗೊತ್ತಿರುವ ಸಹೋದ್ಯೋಗಿ ವಾಸಿ. ಒಬ್ಬರೇ ಆದರೆ ಅವರೂ ಸೋಲುತ್ತಾರೆ, ಇಬ್ಬರಿದ್ದರೆ ಸರದಿ ಮೇಲೆ ನೋಡಿಕೊಳ್ಳಬಹುದು. ಮೊದಲೇ ಇಷ್ಟನ್ನು ಮಾತಾಡಿಕೊಳ್ಳಿ: ಯಾವ ಖಾತೆಗಳನ್ನು ನೋಡಬೇಕು, ಒಳಗೆ ಹೋಗುವುದು ಹೇಗೆ, ಮೂಲಗಳ ಸಂದೇಶ ಕಂಡರೆ ತೆರೆಯದೆ ಬಿಡಬೇಕಾ, ಯಾವುದನ್ನು ತಕ್ಷಣ ನಿಮಗೆ ಹೇಳಬೇಕು, ಯಾವುದನ್ನು ಹೇಳಲೇಬಾರದು. ಮೂಲಗಳು ಬರೆಯುವ ಖಾತೆಯ ಕೀಲಿಯನ್ನು ಮಾತ್ರ ಯಾರಿಗೂ ಕೊಡಬೇಡಿ. ಅದಕ್ಕಾಗಿಯೇ ಸಾರ್ವಜನಿಕ ಖಾತೆ ಬೇರೆ, ಮೂಲಗಳ ಖಾತೆ ಬೇರೆ ಇರಬೇಕು.

ದಾಳಿ ಶುರುವಾದ ದಿನ

ಮೊದಲ ಪ್ರಶ್ನೆ: ಈಗ ನೀವು ಇರುವ ಜಾಗ ಸುರಕ್ಷಿತವೇ? ಮನೆ ವಿಳಾಸ ಹಾಕಿದ್ದಾರಾ? ದಿನ, ಸಮಯ ಹೇಳಿ ಬೆದರಿಸಿದ್ದಾರಾ? ಮಗುವಿನ ಶಾಲೆಯ ಹೆಸರು, ನಿಮ್ಮ ಗಾಡಿಯ ನಂಬರ್, ಇತ್ತೀಚೆಗೆ ಕದ್ದು ತೆಗೆದ ಫೋಟೊ ಬಂದಿದೆಯಾ? ಒಬ್ಬನೇ ವ್ಯಕ್ತಿ ಬೇರೆ ಬೇರೆ ಕಡೆಗಳಲ್ಲಿ ಪಟ್ಟು ಬಿಡದೆ ಬೆನ್ನು ಹತ್ತಿದ್ದಾನಾ? ಇವುಗಳಲ್ಲಿ ಒಂದಕ್ಕೆ ಹೌದು ಎಂದಾದರೂ ಮುಂದಿನ ಸಾಲು ಓದುವ ಮೊದಲು ಸಂಪಾದಕರಿಗೆ, ಪೊಲೀಸರಿಗೆ ಫೋನ್ ಮಾಡಿ. ರಾತ್ರಿ ಬೇರೆ ಕಡೆ ಉಳಿಯಿರಿ. ಅತಿಯಾಯಿತೇನೋ ಎಂದು ಸಂಕೋಚ ಬೇಡ.

ಅಂಥದ್ದು ಇಲ್ಲ ಎಂದಾದರೆ ಫೋನ್ ಕೆಳಗಿಡಿ. ಜೊತೆಗಾರರಿಗೆ ಸಂದೇಶ ಕಳಿಸಿ. “ಶುರುವಾಗಿದೆ, ನೋಡ್ಕೊಳ್ಳಿ” ಎಂದರೆ ಸಾಕು, ಉಳಿದದ್ದು ಮೊದಲೇ ಮಾತಾಗಿದೆಯಲ್ಲ. ನೋಟಿಫಿಕೇಶನ್ ನಿಲ್ಲಿಸಿ. ಎಕ್ಸ್‌ನಲ್ಲಿ ನಿಮ್ಮ ಪೋಸ್ಟ್‌ಗೆ ಯಾರು ಉತ್ತರಿಸಬಹುದು ಎಂಬುದನ್ನು ಕಡಿಮೆ ಮಾಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಹೊಸಬರ ಕಾಮೆಂಟ್, ಸಂದೇಶಗಳನ್ನು ಸ್ವಲ್ಪ ಕಾಲ ತಡೆಯುವ ಸೌಲಭ್ಯ ಇದೆ. ಪದೇ ಪದೇ ಬರುವ ಬೈಗುಳದ ಪದಗಳನ್ನು ಫಿಲ್ಟರಿಗೆ ಸೇರಿಸಿ. ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆಯುತ್ತಾರೆ, ಆ ರೂಪಗಳನ್ನೂ ಸೇರಿಸಿ.

ಬ್ಲಾಕ್ ಮಾಡಬೇಕಾ, ಮ್ಯೂಟ್ ಮಾಡಬೇಕಾ? ಬ್ಲಾಕ್ ಮಾಡಿದರೆ ಅವರಿಗೆ ಗೊತ್ತಾಗುತ್ತದೆ. ಅದನ್ನೇ ಸ್ಕ್ರೀನ್‌ಶಾಟ್ ಮಾಡಿ ಮೆರೆಯುವವರು ಇದ್ದಾರೆ. ಮ್ಯೂಟ್ ಮಾಡಿದರೆ ಅವರು ಕೂಗುತ್ತಲೇ ಇರುತ್ತಾರೆ, ನಿಮಗೆ ಕೇಳುವುದಿಲ್ಲ. ಆದರೆ ಬೆದರಿಕೆಯೂ ಕಾಣುವುದಿಲ್ಲ. ಜೊತೆಗಾರರು ನೋಡುತ್ತಿದ್ದರೆ ಮ್ಯೂಟ್ ಒಳ್ಳೆಯದು, ಯಾರೂ ಇಲ್ಲದಿದ್ದರೆ ದಾಖಲೆ ಇಟ್ಟುಕೊಂಡು ಬ್ಲಾಕ್ ಮಾಡಿ.

ದಾಖಲೆ: ಅಳಿಸುವ ಮೊದಲು, ದೂರುವ ಮೊದಲು

ಪೋಸ್ಟ್ ಬಗ್ಗೆ ಕಂಪನಿಗೆ ದೂರು ಕೊಟ್ಟು ಅವರು ಅದನ್ನು ತೆಗೆದರೆ, ನಿಮ್ಮ ಸಾಕ್ಷಿಯೂ ಹೋಯಿತು. ಹಾಗಾಗಿ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ದೂರು. ಒಂದು ಸ್ಪ್ರೆಡ್‌ಶೀಟ್ ಸಾಕು. ಒಂದು ಸಾಲು ಹೀಗಿರಲಿ:

“ಮಾರ್ಚ್ 4, ರಾತ್ರಿ 11:42 | ಫೇಸ್‌ಬುಕ್ ಮೆಸೇಜ್ | ಖಾತೆಯ ಹೆಸರು, ಪ್ರೊಫೈಲ್ ಲಿಂಕ್ | ‘ನಿನ್ನ ಮನೆ ಗೊತ್ತು’ ಎಂದು ಬರೆದಿದ್ದಾನೆ, ಬೀದಿಯ ಹೆಸರು ಸರಿಯಾಗಿದೆ | ಚಿತ್ರ 17 | ಮಾರ್ಚ್ 5ರಂದು ಕಂಪನಿಗೆ ದೂರು, ಉತ್ತರ ಬಂದಿಲ್ಲ.”

ಸ್ಕ್ರೀನ್‌ಶಾಟ್‌ನಲ್ಲಿ ಖಾತೆಯ ಹೆಸರು, ದಿನಾಂಕ, ಸಮಯ ಕಾಣಬೇಕು. ಲಿಂಕ್ ಅನ್ನು ಬೇರೆಯಾಗಿ ನಕಲಿಸಿಡಿ. ಪ್ರೊಫೈಲ್‌ನಲ್ಲಿ ಕಾಣುವ ಹೆಸರು ದಿನಕ್ಕೊಂದು ಆಗಬಹುದು. ಬೆದರಿಕೆಯ ಮೇಲ್‌ಗಳನ್ನು ಫಾರ್ವರ್ಡ್ ಮಾಡಿ ಮೂಲವನ್ನು ಅಳಿಸಬೇಡಿ. ಅದು ಎಲ್ಲಿಂದ ಬಂತು ಎಂಬ ತಾಂತ್ರಿಕ ವಿವರ ಇರುವುದು ಮೂಲ ಮೇಲ್‌ನಲ್ಲೇ. ಪುಟವನ್ನು, ಜಾಲಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮೆಷಿನ್‌ ಎಂಬ ತಾಣದಲ್ಲಿ ಉಳಿಸಿದರೆ ತಾರೀಖಿನ ಸಮೇತ ಪ್ರತಿ ಸಿಗುತ್ತದೆ. ಆದರೆ ಅದು ಸಾರ್ವಜನಿಕ. ನಿಮ್ಮ ವಿಳಾಸ, ಖಾಸಗಿ ಚಿತ್ರ ಇರುವ ಪುಟವನ್ನು ಅಲ್ಲಿ ಉಳಿಸಲೇಬೇಡಿ.

ಈ ಕೆಲಸವನ್ನೂ ಜೊತೆಗಾರರೇ ಮಾಡಿದರೆ ಒಳ್ಳೆಯದು. ಎಲ್ಲವನ್ನೂ ದಾಖಲಿಸುವ ಅಗತ್ಯವಿಲ್ಲ. ಬರೀ ಬೈಗುಳದ ಒಂದೆರಡು ಮಾದರಿ ಸಾಕು. ಬೆದರಿಕೆ, ವಿಳಾಸ ಬಯಲು, ಲೈಂಗಿಕ ನಿಂದನೆ ಇವುಗಳಲ್ಲಿ ಒಂದನ್ನೂ ಬಿಡಬೇಡಿ. ಒಂದೇ ವಾಕ್ಯ ನೂರು ಖಾತೆಗಳಿಂದ ಬಂದಿದ್ದರೆ ಅದನ್ನೂ ಗುರುತು ಹಾಕಿ. ಹಿಂದೆ ಯಾರೋ ಕೂತು ನಡೆಸುತ್ತಿದ್ದಾರೆ ಎನ್ನಲು ಅದು ಸುಳಿವು.

ಉತ್ತರ ಕೊಡಬೇಕಾ?

ಬೈಯುವವರಿಗೆ ಬೇಡ. ಅವರು ಕಾಯುತ್ತಿರುವುದೇ ಅದಕ್ಕೆ. ನಿಮ್ಮ ಉತ್ತರವನ್ನು ಹಂಚಿ ಇನ್ನಷ್ಟು ಜನರನ್ನು ಕರೆತರುತ್ತಾರೆ. ಆದರೆ ವರದಿಯ ಬಗ್ಗೆ ಸುಳ್ಳು ಹಬ್ಬುತ್ತಿದ್ದರೆ ಸುಮ್ನೆ ಕೂರುವುದೂ ಸರಿಯಲ್ಲ. ಆಗ ಒಂದೇ ಹೇಳಿಕೆ, ಒಂದೇ ಸಲ. ಅದು ನಿಮ್ಮ ಖಾತೆಯಿಂದ ಬರುವುದಕ್ಕಿಂತ ಸಂಸ್ಥೆಯ ಖಾತೆಯಿಂದ ಬಂದರೆ ತೂಕ ಜಾಸ್ತಿ: “ನಮ್ಮ ವರದಿ ದಾಖಲೆಗಳನ್ನು ಆಧರಿಸಿದೆ. ಸಂಬಂಧಪಟ್ಟವರ ಪ್ರತಿಕ್ರಿಯೆ ಕೇಳಿ ಪ್ರಕಟಿಸಿದ್ದೇವೆ. ವರದಿಗಾರರ ಮೇಲಿನ ಬೆದರಿಕೆಗಳನ್ನು ದಾಖಲಿಸುತ್ತಿದ್ದೇವೆ, ದೂರು ಕೊಡುತ್ತಿದ್ದೇವೆ.” ಇಷ್ಟೇ ಸಾಕು. ವರದಿಯಲ್ಲಿ ನಿಜವಾಗಿ ತಪ್ಪಿದ್ದರೆ ಅದನ್ನು ಬೇಗ ತಿದ್ದಿ. ತಪ್ಪು ಆಗಿದೆ ಎಂಬ ಕಾರಣಕ್ಕೆ ಬೆದರಿಕೆಯನ್ನು ಸಹಿಸಬೇಕಾಗಿಲ್ಲ, ಅವೆರಡೂ ಬೇರೆ.

ಖಾಸಗಿ ಚಿತ್ರ, ಡೀಪ್‌ಫೇಕ್

2018ರಲ್ಲಿ ಪತ್ರಕರ್ತೆ ರಾಣಾ ಅಯೂಬ್ ಅವರ ಮುಖ ಅಂಟಿಸಿದ ನಕಲಿ ಅಶ್ಲೀಲ ವಿಡಿಯೊ, ಅಂದರೆ ಡೀಪ್‌ಫೇಕ್, ಹರಿದಾಡಿತು. ಜೊತೆಗೆ ಅವರ ಫೋನ್ ನಂಬರನ್ನೂ ಹಂಚಿದರು. ಅವರಿಗೆ ರಕ್ಷಣೆ ಕೊಡಿ ಎಂದು ವಿಶ್ವಸಂಸ್ಥೆಯ ತಜ್ಞರು ಸರ್ಕಾರವನ್ನು ಒತ್ತಾಯಿಸಬೇಕಾಯಿತು. ಇಂಥದ್ದು ಆದಾಗ ನಾಚಿಕೆಯಿಂದ ಯಾರಿಗೂ ಹೇಳದೆ ಇರುವುದೇ ದೊಡ್ಡ ಅಪಾಯ. ‘ಸ್ಟಾಪ್‌ಎನ್‌ಸಿಐಐ’ ಎಂಬ ಉಚಿತ ಸೇವೆ ಇದೆ. 18 ವರ್ಷ ದಾಟಿದವರು ಬಳಸಬಹುದು. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಸೇವೆಯ ಜೊತೆ ಕೈಜೋಡಿಸಿದ ಕಂಪನಿಗಳು ಆ ಗುರುತಿಗೆ ಹೊಂದುವ ಚಿತ್ರಗಳನ್ನು ಹುಡುಕಿ ತಡೆಯುತ್ತವೆ. ಖಾತೆ ಹ್ಯಾಕ್ ಆದರೆ ಆ್ಯಕ್ಸೆಸ್ ನೌ ಸಂಸ್ಥೆಯ ಡಿಜಿಟಲ್ ಸುರಕ್ಷತಾ ಸಹಾಯವಾಣಿ ಪತ್ರಕರ್ತರಿಗೆ ದಿನದ 24 ಗಂಟೆಯೂ ಉಚಿತವಾಗಿ ನೆರವಾಗುತ್ತದೆ.

ಪೊಲೀಸರ ಬಳಿ

ಕಾನೂನು ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಮೊದಲು ವಕೀಲರ ಜೊತೆ ಮಾತಾಡಿ. ಒಬ್ಬರೇ ಹೋಗಬೇಡಿ. ದಾಖಲೆಯ ಪಟ್ಟಿಯನ್ನು ಮುದ್ರಿಸಿ ಒಯ್ಯಿರಿ, ಮೇಲೆ ಅತಿ ಗಂಭೀರವಾದ ಐದಾರು ಮಾತ್ರ ಇರಲಿ. ದೂರಿನ ಸ್ವೀಕೃತಿ ಪತ್ರ ಪಡೆಯದೆ ಬರಬೇಡಿ. ದೂರಿನಲ್ಲಿ ನಿಮ್ಮ ವಿಳಾಸ ಎಲ್ಲರಿಗೂ ಸಿಗುವಂತೆ ಇರುತ್ತದೆಯಾ ಎಂದು ಕೇಳಿ. ಆಗುವುದಾದರೆ ಕಚೇರಿಯ ವಿಳಾಸ ಕೊಡಿ.

ಸಂಪಾದಕರಿಗೆ

“ನೀವು ಅಷ್ಟು ಖಾರವಾಗಿ ಬರೀಬಾರ್ದಿತ್ತು” ಎಂಬುದು ನಿಮ್ಮ ಬಾಯಿಂದ ಬರುವ ಮೊದಲ ಮಾತು ಆಗಬಾರದು. “ಎಲ್ಲಿದೀರಿ, ಸುರಕ್ಷಿತವಾಗಿದೀರಾ, ನಾವೇನು ಮಾಡ್ಬೇಕು?” ಎಂದು ಕೇಳಿ. ರಾತ್ರಿ ಯಾರಿಗೆ ಫೋನ್ ಮಾಡಬೇಕು, ಬೇರೆ ಕಡೆ ಉಳಿಯುವ ಖರ್ಚು ಯಾರದು, ವಕೀಲರು ಯಾರು ಎಂಬುದು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕೊಟ್ಟಿರಲಿ. ಬ್ರಿಟನ್ನಿನ ರೀಚ್ ಸಂಸ್ಥೆ 2021ರಲ್ಲಿ ಈ ಕೆಲಸಕ್ಕೆಂದೇ ಆನ್‌ಲೈನ್ ಸುರಕ್ಷತಾ ಸಂಪಾದಕರನ್ನು ನೇಮಿಸಿತು. ಸಣ್ಣ ಸಂಸ್ಥೆಗೆ ಹುದ್ದೆ ಸೃಷ್ಟಿಸಲು ಆಗದಿರಬಹುದು, ಒಬ್ಬರಿಗೆ ಹೊಣೆ ವಹಿಸಲು ಆಗುತ್ತದೆ. ಫ್ರೀಲಾನ್ಸ್ ಬರೆಯುವವರಿಗೂ ಇದೆಲ್ಲ ಅನ್ವಯಿಸಬೇಕು. ವರದಿ ನಿಮ್ಮದಾದರೆ ಅದರಿಂದ ಬಂದ ಬೆದರಿಕೆಯ ಹೊಣೆಯೂ ನಿಮ್ಮದೇ ಅಲ್ವಾ?

ಅಪಾಯ ಜಾಸ್ತಿ ಇರುವ ವರದಿಗೆ ಹೆಸರು ಹಾಕಬೇಕೇ, ಇಡೀ ತಂಡದ ಹೆಸರು ಹಾಕಬೇಕೇ ಎಂಬುದನ್ನು ವರದಿಗಾರರ ಜೊತೆಗೇ ತೀರ್ಮಾನಿಸಿ. ವರದಿ ಹಂಚುವ ಪೋಸ್ಟ್‌ನಲ್ಲಿ ಅವರ ಖಾತೆಯನ್ನು ಟ್ಯಾಗ್ ಮಾಡಬೇಡಿ. ಕಾಮೆಂಟ್ ವಿಭಾಗ ನೋಡಿಕೊಳ್ಳಲು ಜನ ಇಲ್ಲದಿದ್ದರೆ ಆ ವರದಿಯ ಮಟ್ಟಿಗೆ ಮುಚ್ಚಿ.

ಗಲಾಟೆ ತಣ್ಣಗಾದ ಮೇಲೆ

ಟ್ರೋಲ್‌ಗಳು ಬೇರೆ ಕಡೆ ಹೋದ ಮೇಲೂ ನಿದ್ದೆ ಬಾರದಿರುವುದು, ಫೋನ್ ಸದ್ದಾದರೆ ಬೆಚ್ಚುವುದು, ಬರೆಯಲು ಕೂತಾಗ ವಾಕ್ಯವನ್ನು ತಾನೇ ಕತ್ತರಿಸಿಕೊಳ್ಳುವುದು ಇರುತ್ತದೆ. ಇದು ಕೆಲವು ವಾರಕ್ಕಿಂತ ಜಾಸ್ತಿ ಎಳೆದರೆ ಆಪ್ತಸಲಹೆಗಾರರನ್ನು ಕಾಣಿ. ಪತ್ರಕರ್ತರ ಮನಸ್ಸಿಗೆ ಆಗುವ ಆಘಾತದ ಬಗ್ಗೆಯೇ ಕೆಲಸ ಮಾಡುವ ಸಂಸ್ಥೆಗಳೂ ಇವೆ. ಬೈಗುಳದ ಫೋಲ್ಡರನ್ನು ಮತ್ತೆ ಮತ್ತೆ ತೆರೆದು ನೋಡಬೇಡಿ. ಪ್ರತಿಯನ್ನು ವಕೀಲರಿಗೆ ಅಥವಾ ಸಂಸ್ಥೆಗೆ ಕೊಟ್ಟು ನಿಮ್ಮ ಕಂಪ್ಯೂಟರಿನಿಂದ ತೆಗೆದುಬಿಡಿ.

ಜೊತೆಗಾರರಿಗೆ ಕೊಟ್ಟಿದ್ದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಅವರನ್ನೂ ಹೇಗಿದ್ದೀರಿ ಎಂದು ಕೇಳಿ. ಅಷ್ಟೂ ಹೊಲಸನ್ನು ಓದಿದ್ದು ಅವರು. ಒಂದು ವಾರ ಬಿಟ್ಟು ಸಂಪಾದಕರ ಜೊತೆ ಕೂತು ಯಾವ ತಯಾರಿ ಕೆಲಸಕ್ಕೆ ಬಂತು, ಎಲ್ಲಿ ಎಡವಿತು ಎಂದು ಬರೆದಿಡಿ. ಆ ವಿಷಯದ ಮುಂದಿನ ವರದಿ ಯಾವಾಗ, ಅದನ್ನು ನೀವೇ ಮಾಡುತ್ತೀರಾ ಎಂಬುದನ್ನೂ ಅದೇ ಸಭೆಯಲ್ಲಿ ಮಾತಾಡಿ. ಅದನ್ನು ನಿಮ್ಮನ್ನು ಕೇಳಿಯೇ ತೀರ್ಮಾನಿಸಬೇಕು.